ಮಳೆಗಾಲದಲ್ಲಿ ಗಾಡಿಗೇನು ಕೆಲಸ

ಎತ್ತು ಮಾರಿದ ವರ್ಷವೇ ನಮ್ಮ ಮನೆಯಲ್ಲಿ ಗಾಡಿ ಕೊಳ್ಳುವ ಮಾತು ಎದ್ದಿತು. ಯಾವ ಗಾಡಿ ತರಬೇಕೆಂದು ನೋಡಿ ಹೇಳುವ ಕೆಲಸವನ್ನು ನನಗೆ ಒಪ್ಪಿಸಿದರು. ಇದು ಸಣ್ಣ ಸಂಗತಿಯಲ್ಲ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಕೇಳಿ ಯಾರೂ ಬೆಂಕಿಪೊಟ್ಟಣವನ್ನೂ ತರುವುದಿಲ್ಲ. ಗಂಡನ ಮನೆ ಬಿಟ್ಟು ಬಂದವಳನ್ನಂತೂ ಕೇಳುವುದೇ ಇಲ್ಲ.

ನನ್ನನ್ನು ಚಿಂಚೋಳಿ ಕಡೆ ಕೊಟ್ಟಿದ್ದರು. ಆರು ವರ್ಷ ಬಾಳುವೆ ಮಾಡಿದೆ, ಮಕ್ಕಳಾಗಲಿಲ್ಲ. ಏಳನೆಯ ವರ್ಷ ಅವರು ಬೇರೆ ಹೆಣ್ಣು ನೋಡತೊಡಗಿದರು. ನಾನು ನನ್ನ ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದೆ. ಓದಿದ್ದೆಲ್ಲ ಆಮೇಲೆ. ಅರ್ಧಕ್ಕೆ ಬಿಟ್ಟಿದ್ದ ಪಿಯುಸಿ ಕಟ್ಟಿ ಪಾಸಾದೆ. ಬೆಳಗ್ಗೆ ಎಮ್ಮೆ ಹಿಂಡಿ, ರೊಟ್ಟಿ ಬಡಿದಿಟ್ಟು, ಡಾಂಬರು ರಸ್ತೆಯವರೆಗೆ ನಡೆದು, ಬಸ್ಸು ಹಿಡಿದು ಸೇಡಮ್ಮಿನ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮುಗಿಸಿದೆ. ಎಂಟು ವರ್ಷ ಚಿಕ್ಕ ಹುಡುಗಿಯರು ಮೊದಲ ದಿನ ನನ್ನನ್ನು ಮೇಡಂ ಎಂದು ತಿಳಿದು ಎದ್ದು ನಿಂತಿದ್ದರು. ಆಮೇಲೆ ಬಿ.ಎಡ್. ಮಾಡಿದೆ. ಈಗ ವಾಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರು ಗಂಡಸರಲ್ಲೂ ಇಲ್ಲ, ಹೆಂಗಸರಲ್ಲೂ ಇಲ್ಲ, ನಾನೊಬ್ಬಳೇ. ಈ ಮಾತನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ನಮ್ಮ ಹೊಲ ಸೇಡಂ ತಾಲೂಕಿನಲ್ಲಿ, ಆಡಕಿಯ ಕಡೆ. ಅಪ್ಪ ತೀರಿಕೊಂಡ ಮೇಲೆ ತಮ್ಮ ಊರೊಳಗಿನ ಮನೆ ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡ. ಅಲ್ಲಿ ಅವನು, ಅವನ ಹೆಂಡತಿ, ನಮ್ಮವ್ವ, ಎರಡು ಎಮ್ಮೆ. ಮನೆಯಿಂದ ಡಾಂಬರು ರಸ್ತೆಗೆ ಒಂದೂವರೆ ಮೈಲು ಬಂಡಿದಾರಿ. ಪೂರ್ತಿ ಎರೆ ಮಣ್ಣು. ಬೇಸಿಗೆಯಲ್ಲಿ ಅದು ಸಿಮೆಂಟಿನಂತೆ ಗಟ್ಟಿ, ಕಾಲು ಹೋಗುವಷ್ಟು ಬಿರುಕು. ಮಳೆ ಬಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಹತ್ತು ಹೆಜ್ಜೆಗೆ ಒಮ್ಮೆ ನಿಂತು ಕಾಲಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆಯಬೇಕು.

ಆ ಬೇಸಿಗೆ ತಮ್ಮ ಫೋನು ಮಾಡಿ, "ಅಕ್ಕಾ, ನೀನ ನೋಡಿ ಹೇಳು. ನಾ ಹೋದ್ರ ಬಣ್ಣ ನೋಡಿ ತರ್ತೀನಿ" ಎಂದ. ಕೈಯಲ್ಲಿದ್ದ ದುಡ್ಡು ಒಂದೇ ಗಾಡಿಗೆ ಸಾಕಾಗುವಂಥದ್ದು, ಅದೂ ಹಳೆಯ ಗಾಡಿಗೆ. ತಪ್ಪು ಮಾಡಲು ಜಾಗವಿರಲಿಲ್ಲ. ನಾನು ಮೇ ತಿಂಗಳ ರಜೆಯನ್ನು ಅದಕ್ಕೇ ಇಟ್ಟೆ. ಮೊದಲು ಹೊಲಕ್ಕೆ ಹೋಗಿ ಬಂಡಿದಾರಿಯನ್ನು ಅಳೆದೆ. ಎರಡು ಬದಿ ಗಾಲಿ ಕೊರೆದ ಹಳ್ಳ, ನಡುವೆ ಎದ್ದು ನಿಂತ ದಿಂಡು. ದಿಂಡಿನ ಎತ್ತರ, ಹಳ್ಳದಿಂದ ಹಳ್ಳಕ್ಕೆ ಇರುವ ಅಂತರ, ಎರಡನ್ನೂ ಟೇಪು ಹಿಡಿದು ಬರೆದುಕೊಂಡೆ. ಅವ್ವ ಬಾಗಿಲಲ್ಲಿ ಕೂತು ನೋಡುತ್ತ, "ದಾರಿಗಿ ಅಂಗಿ ಹೊಲಸ್ತಿದ್ದಿ ಏನು?" ಎಂದಳು.

ಮೊದಲು ನೋಡಿದ್ದು ಟಂಟಂ, ಸೇಡಮ್ಮಿನಲ್ಲಿ. ಹಿಂದೆ ಮಾಲು ಹೇರುವ ತೊಟ್ಟಿಯಿರುವ ಮೂರು ಗಾಲಿಯ ಗಾಡಿ. ಡೀಸೆಲ್ ಕಡಿಮೆ ಕುಡಿಯುತ್ತದೆ, ಸಂದಿಯಲ್ಲೂ ತಿರುಗುತ್ತದೆ. ತಮ್ಮನಿಗೆ ಮನಸ್ಸಾಗಿತ್ತು. ನಾನು ಬೇಡವೆಂದೆ. ಎರಡು ಹಿಂದಿನ ಗಾಲಿ ಹಳ್ಳದಲ್ಲಿ ಇಳಿದರೆ ಮುಂದಿನ ಒಂಟಿ ಗಾಲಿ ದಿಂಡಿನ ಮೇಲೆ ಏರಿ ಕೂರುತ್ತದೆ. ಹೇರಿದ ಗಾಡಿ ಹಿಂದಕ್ಕೆ ಜಗ್ಗುತ್ತದೆ, ಒಂದು ಬದಿ ವಾಲಿದರೆ ಮಗುಚುತ್ತದೆ. ಮಾರುವವನು ಇದನ್ನು ಕೇಳಿ ತಲೆ ಕೆರೆದುಕೊಂಡ. "ಇಷ್ಟ್ ದಿನದಾಗ ಯಾರೂ ಹಿಂಗ ಕೇಳಿಲ್ರಿ ಮೇಡಂ" ಎಂದ. ನನಗೆ ಆ ದಿನ ಊಟವೇ ಬೇಡವೆನ್ನಿಸುವಷ್ಟು ಖುಷಿಯಾಗಿತ್ತು.

ಎರಡನೆಯದು ಟ್ರಾಕ್ಟರು, ಶಹಾಬಾದದಲ್ಲಿ. ಫರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಅಂಗಳದ ಮಾಲೀಕರೊಬ್ಬರದು. ಟ್ರಾಲಿ ಸಮೇತ ಕೊಡುತ್ತೇನೆಂದಿದ್ದರು. ಗಾಡಿಯ ಮೇಲೆಲ್ಲ ಕಲ್ಲಿನ ಬಿಳಿ ಹಿಟ್ಟು. ಸೆರಗಿನಿಂದ ಒರೆಸಿ ಮೀಟರು ನೋಡಿದೆ, ಎಷ್ಟು ಗಂಟೆ ಓಡಿದೆ ಎಂದು. ಟೈರಿನ ಹಲ್ಲು ಸವೆದದ್ದನ್ನು ಬೆರಳಿಟ್ಟು ಅಳೆದೆ. ಏರ್ ಫಿಲ್ಟರು ಬಿಚ್ಚಿ ತೋರಿಸಿರಿ ಎಂದೆ. ಆಗ ಮಾಲೀಕರು ಕುರ್ಚಿಯಿಂದ ಎದ್ದರು.

"ಟೀಚರಮ್ಮಾ, ಹೆಣ್ಣ ನೋಡ್ಲಿಕ್ಕೆ ಬಂದವ್ರೂ ಇಷ್ಟ್ ಕೇಳಂಗಿಲ್ರಿ."

"ಹೆಣ್ಣ ಬ್ಯಾಡಂದ್ರ ವಾಪಸ್ ಕಳಸ್ಬೋದ್ರಿ. ಗಾಡಿ ತಂದ್ರ ನಾವೇ ಇಟ್ಗೋಬೇಕು" ಎಂದೆ.

ಅವರು ಹೊಟ್ಟೆ ಹಿಡಿದು ನಕ್ಕರು, ಚಹಾ ತರಿಸಿದರು. ತಮ್ಮ ಮಾತ್ರ ನಗಲಿಲ್ಲ. ಕಲ್ಲಿನ ಚೂರೊಂದನ್ನು ಕಾಲಿನಿಂದ ಒದೆಯುತ್ತ ನಿಂತಿದ್ದ.

ಮೂರನೆಯದು ಚಿತ್ತಾಪುರದ ಕಾಯಿಪಲ್ಲೆ ವ್ಯಾಪಾರಿಯೊಬ್ಬನ ಪಿಕಪ್ಪು. ನಾಲ್ಕು ಗಾಲಿ, ಮುಂದೆ ಕೂರಲು ಕ್ಯಾಬಿನ್ನು, ಹಿಂದೆ ಉದ್ದನೆಯ ತೊಟ್ಟಿ. ಗಾಲಿಯ ಅಂತರ ನಮ್ಮ ಬಂಡಿದಾರಿಗೆ ಬರೋಬರಿ ಹೊಂದಿತು. ಹೊಟ್ಟೆಯ ಕೆಳಗೆ ದಿಂಡು ದಾಟಿ ನಾಲ್ಕು ಬೆರಳು ಜಾಗ ಉಳಿಯುತ್ತಿತ್ತು. ಪಕ್ಕದ ಅಂಗಡಿಯಿಂದ ಹಿಂಡಿಯ ಚೀಲ ಹೇರಿಸಿ, ಸೇತುವೆಯ ಏರಿನ ಮೇಲೆ ನಿಲ್ಲಿಸಿ, ಗಾಡಿಯನ್ನು ಮತ್ತೆ ಹೊರಡಿಸಿದೆ. ಹಿಂದಕ್ಕೆ ಒಂದು ಗೇಣೂ ಜಾರಲಿಲ್ಲ.

ಟ್ರಾಕ್ಟರೋ ಪಿಕಪ್ಪೋ ಎಂಬುದೇ ಪ್ರಶ್ನೆಯಾಗಿ ಉಳಿಯಿತು. ಟ್ರಾಕ್ಟರಿನಿಂದ ಉಳುಮೆಯಾಗುತ್ತದೆ. ಆದರೆ ಉಳುಮೆಗೆ ನಮ್ಮ ಕಡೆ ಎಲ್ಲರೂ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕರೆಯುತ್ತಾರೆ, ವರ್ಷಕ್ಕೆ ಮೂರು ಸಲ. ತೊಗರಿ ಹೇರಿಕೊಂಡು ಕಲಬುರಗಿಯ ಮಾರುಕಟ್ಟೆಗೆ ಟ್ರಾಕ್ಟರಿನಲ್ಲಿ ಹೋದರೆ ಹೋಗಲಿಕ್ಕೇ ಅರ್ಧ ದಿನ. ಪಿಕಪ್ಪಾದರೆ ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಬರಬಹುದು. ಹೊಲದ ಕೆಲಸವಿಲ್ಲದ ದಿನ ಬೇರೆಯವರ ಮಾಲನ್ನೂ ಬಾಡಿಗೆಗೆ ಸಾಗಿಸಬಹುದು. ಒಂದೇ ಒಂದು ವಿಷಯದಲ್ಲಿ ಟ್ರಾಕ್ಟರು ಮೇಲು. ಅದರ ಹಿಂದಿನ ದೊಡ್ಡ ಗಾಲಿ ಎರೆಯ ಕೆಸರು ರಾಡಿಯಲ್ಲೂ ನಡೆಯುತ್ತದೆ, ಪಿಕಪ್ಪು ನಡೆಯುವುದಿಲ್ಲ. ಇದು ನನಗೆ ಗೊತ್ತಿತ್ತು. ಆ ಮಣ್ಣಿನಲ್ಲೇ ಹುಟ್ಟಿ ಬೆಳೆದವಳು, ಗೊತ್ತಿಲ್ಲದೆ ಏನು.

ಹಾಗಾಗಿಯೇ ನಾನು ಕೇಳಿದೆ. ಒಂದು ಭಾನುವಾರ ಮಧ್ಯಾಹ್ನ ಹೊಲದ ಮನೆಯಲ್ಲಿ ಎಲ್ಲರೂ ಕೂತಿದ್ದೆವು. ತಮ್ಮನ ಹೆಂಡತಿ ತಾಟಿನಲ್ಲಿದ್ದ ರೊಟ್ಟಿ ಮುರಿಯದೆ ಎದ್ದು ಮನೆಯ ಹಿಂದಕ್ಕೆ ಹೋದಳು.

"ಏನಾಗ್ಯಾದ ಅಕಿಗಿ?" ಎಂದೆ.

"ಬಿಸಲು. ತಲಿಗಿ ಹತ್ತ್ಯಾದ" ಎಂದಳು ಅವ್ವ.

ನಾನು ತಮ್ಮನ ಕಡೆ ತಿರುಗಿ, "ಒಂದ್ ಮಾತ್ ಕೇಳ್ತೀನಿ, ವಿಚಾರ ಮಾಡಿ ಹೇಳು. ಮಳಿಗಾಲದಾಗ ಈ ಮನಿಯಿಂದ ರೋಡಿಗಿ ಗಾಡಿಲಿಂದ ಏನರ ಕೆಲಸ ಅದ?" ಎಂದೆ. ಹಾಲಿನ ಕ್ಯಾನನ್ನು ಅವನು ಮಳೆಗಾಲದಲ್ಲಿ ತಲೆಯ ಮೇಲೆ ಹೊತ್ತೇ ಒಯ್ಯುತ್ತಿದ್ದ. ಗೊಬ್ಬರ, ಬೀಜ ಮಳೆಗೆ ಮುಂಚೆ ಬಂದುಬಿಡುತ್ತಿದ್ದವು. ತೊಗರಿ ಕೈಗೆ ಬರುವುದು ಸಂಕ್ರಾಂತಿಯ ಹೊತ್ತಿಗೆ.

ತಮ್ಮ ಬಾಯಿ ತೆರೆದ. ಅವ್ವನ ಮುಖ ನೋಡಿದ. ಅವ್ವ ಎಲೆಗೆ ಸುಣ್ಣ ಹಚ್ಚುತ್ತ, "ಏನ್ ಕೆಲಸ? ಏನಿಲ್ಲ" ಎಂದಳು.

"ಏನಿಲ್ಲ ಅಕ್ಕಾ" ಎಂದ ತಮ್ಮ.

"ಪಕ್ಕಾ?"

"ಪಕ್ಕಾ."

ನಾನು ಪಿಕಪ್ಪು ಎಂದೆ. ಜೂನಿನ ಮೊದಲ ವಾರ ಅದು ಮನೆಗೆ ಬಂತು. ನಾಲ್ಕೂ ಗಾಲಿಗೆ ನಿಂಬೆಹಣ್ಣಿಟ್ಟು ಅವ್ವ ಆರತಿ ಬೆಳಗಿದಳು. ಆರತಿಗೆ ನನ್ನನ್ನು ಕರೆಯಲಿಲ್ಲ, ತಮ್ಮನ ಹೆಂಡತಿಯನ್ನು ಕರೆದಳು. ಅದು ನನಗೆ ರೂಢಿಯಾಗಿತ್ತು. ನಾನು ಫೋಟೋ ತೆಗೆದೆ.

ನಾಗರ ಪಂಚಮಿಗೆ ನಾನು ಹೊಲಕ್ಕೆ ಹೋದಾಗ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಡಾಂಬರು ರಸ್ತೆಯಲ್ಲಿ ಬಸ್ಸಿಳಿದು ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಅಷ್ಟು ದೂರ ನಡೆದು ಬಂದವಳಿಗೆ ತಮ್ಮನ ಹೆಂಡತಿ ಕಾಲಿಗೆ ನೀರು ತಂದಳು. ತಂಬಿಗೆ ಬಗ್ಗಿಸುವಾಗ ಸೆರಗು ಸರಿಯಿತು. ಅವಳು ಗಡಬಡಿಸಿ ಮುಚ್ಚಿಕೊಂಡಳು. ನಾನು ನೋಡಿಬಿಟ್ಟಿದ್ದೆ. ಐದು ತಿಂಗಳಾದರೂ ಇರಬೇಕು.

ನಮ್ಮ ಕಡೆ ಏಳನೆಯ ತಿಂಗಳ ಕುಬಸ, ಅಂದರೆ ಸೀಮಂತ, ಆಗುವತನಕ ಬಸಿರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗೊತ್ತಿದ್ದವರೂ ಗೊತ್ತಿಲ್ಲದವರಂತೆ ಇರುತ್ತಾರೆ. ಅವಳಿಗೆ ಮದುವೆಯಾಗಿ ನಾಲ್ಕು ವರ್ಷ, ಎರಡು ಸಲ ಬಸಿರು ನಿಂತು ಮೂರು ತಿಂಗಳಲ್ಲೇ ಹೋಗಿತ್ತು. ಹಾಗಾಗಿ ಅವ್ವನಿಗೆ ಹೆಚ್ಚಿನ ಭಯ. ಯಾರ ಕಣ್ಣಿನ ಭಯ ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಕ್ಕಳಿಲ್ಲದವಳ ಕಣ್ಣು ಬಸುರಿಯ ಮೇಲೆ ಬೀಳಬಾರದು. ನಾನು ಆ ಮನೆಯ ಮಗಳು. ಅವರ ದಾರಿ ಅಳೆದವಳು, ಅವರಿಗೆ ಗಾಡಿ ಆರಿಸಿಕೊಟ್ಟವಳು. ಆದರೂ ಆ ಲೆಕ್ಕದಲ್ಲಿ ನಾನೂ ಒಂದು ಕಣ್ಣು.

ಆವತ್ತು ನಾನು ಒಂದು ಮಾತು ಆಡಬಹುದಿತ್ತು. "ಮಳೆ ಮುಗಿಯುವತನಕ ಅವಳನ್ನು ವಾಡಿಗೆ ಕಳಿಸಿರಿ, ನನ್ನ ಕೋಣೆಯಿಂದ ದವಾಖಾನೆ ಹತ್ತು ನಿಮಿಷ" ಎನ್ನಬಹುದಿತ್ತು. ದಾರಿಯನ್ನು ಆಗತಾನೇ ಕಾಲಿನಲ್ಲಿ ತುಳಿದು ಬಂದಿದ್ದೆ, ಪಿಕಪ್ಪು ದನದ ಕೊಟ್ಟಿಗೆಯ ಪಕ್ಕ ತಾಡಪತ್ರಿ ಹೊದ್ದು ನಿಂತದ್ದನ್ನು ನೋಡಿದ್ದೆ. ಹೇಳಲಿಲ್ಲ. ನನಗೆ ಹೇಳದವರಿಗೆ ನಾನೇಕೆ ಹೇಳಲಿ ಎಂಬ ಸಿಟ್ಟು. ಹೇಳಿದರೂ ಮಕ್ಕಳಿಲ್ಲದವಳ ಮನೆಗೆ ಬಸುರಿಯನ್ನು ಕಳಿಸುತ್ತಾರೆಯೇ ಎಂಬ ಅವಮಾನದ ಅಂಜಿಕೆ. ಹಬ್ಬದ ಅಳ್ಳು, ಉಂಡಿ ಕಟ್ಟಿಕೊಟ್ಟರು. ತಿಂದೆ, ಕಟ್ಟಿಕೊಂಡೆ, ಬಂದೆ.

ಗಣಪತಿ ಹಬ್ಬದ ಹಿಂದಿನ ವಾರ, ಬೆಳಗಿನ ಎರಡನೆಯ ಪಿರಿಯಡ್ಡು. ಎಂಟನೆಯ ತರಗತಿಗೆ ಹೇಳಿಕೊಡುತ್ತಿದ್ದೆ. ಫೋನು ಮೂರು ಸಲ ಗುಂಯ್ ಎಂದಿತು. ಹೊರಗೆ ಬಂದು ಎತ್ತಿದರೆ ತಮ್ಮ ಏದುಸಿರಿನಲ್ಲಿದ್ದ.

"ಅಕ್ಕಾ, ಗಾಡಿ ಹೂತ್ಯಾದ. ಅಕಿಗಿ ರಕ್ತ ಹೋಗ್ಲಿಕತ್ತದ. ಏನ್ ಮಾಡ್ಲಿ?"

ಮನೆಯಿಂದ ನಲವತ್ತು ಹೆಜ್ಜೆ ಕೂಡ ಹೋಗಿರಲಿಲ್ಲವಂತೆ. ಹಿಂದಿನ ಗಾಲಿ ಅಚ್ಚಿನವರೆಗೆ ಇಳಿದಿತ್ತು. ನಾನು ಅಳೆದು ಬರೆದ ನಾಲ್ಕು ಬೆರಳಿನ ಜಾಗದಲ್ಲಿ ರಾಡಿ ತುಂಬಿ, ಗಾಡಿ ಹೊಟ್ಟೆಯ ಮೇಲೆ ಕೂತಿತ್ತು. ತಮ್ಮ ಅಂಗಳಕ್ಕೆ ಹಾಸಿದ್ದ ಫರ್ಸಿ ಕಲ್ಲುಗಳನ್ನು ಗುದ್ದಲಿಯಿಂದ ಎಬ್ಬಿಸಿ ತಂದು ಗಾಲಿಯ ಕೆಳಗೆ ಕೊಟ್ಟನಂತೆ. ಒಂದರ ಮೇಲೊಂದು ಐದು ಕಲ್ಲು. ಐದನ್ನೂ ಎರೆ ನುಂಗಿತು.

"ಬಾಡಿಗಿ ಟ್ಯಾಕ್ಟರಿನವಗ ಫೋನ್ ಹಚ್ಚು" ಎಂದೆ.

"ಹಚ್ಚೀನಿ. ಅವ ಸೇಡಮ್ಮಿನಾಗ ಅದಾನ. ಬರ್ತೀನಂದಾನ."

"ಹೊರಸಿನ ಮ್ಯಾಲ ಮಲಗ್ಸಿ ಹೊತ್ಗೊಂಡ್ ಹೋಗ್ರಿ. ನಿಂದರಬ್ಯಾಡ್ರಿ. ನಾ ಒಂದ್ನೂರಾ ಎಂಟಕ್ಕ ಹಚ್ತೀನಿ, ರೋಡಿಗಿ ಬರ್ಲಿ."

ಪಕ್ಕದ ಹೊಲಗಳಿಂದ ಮೂವರನ್ನು ಕೂಗಿ ಕರೆದು, ಹೊರಸಿನ ನಾಲ್ಕು ಕಾಲಿಗೆ ನಾಲ್ಕು ಜನರಾಗಿ ಹೊತ್ತರು. ಒಣ ನೆಲದಲ್ಲಿ ಅರ್ಧ ತಾಸಿನ ದಾರಿ. ಒಬ್ಬನ ಕಾಲು ಹೂತು ನಿಂತರೆ ನಾಲ್ವರೂ ನಿಲ್ಲಬೇಕು. ಎರಡು ತಾಸು ಹಿಡಿಯಿತು. ಅವ್ವ ಹಿಂದೆ ಹಿಂದೆ ಹೊರಸಿನ ಅಂಚು ಹಿಡಿದು ಬಂದಳಂತೆ. ಅವರು ರಸ್ತೆ ಮುಟ್ಟಿ, ಆಂಬುಲೆನ್ಸು ಹೊರಟ ಮೇಲೆ ಬಾಡಿಗೆಯ ಟ್ರಾಕ್ಟರು ಬಂತು. ಅದು ಆ ರಾಡಿಯಲ್ಲೇ ಮನೆಯವರೆಗೆ ಹೋಗಿ, ಪಿಕಪ್ಪಿಗೆ ಸರಪಳಿ ಕಟ್ಟಿ ಎಳೆದು ಗಟ್ಟಿ ನೆಲಕ್ಕೆ ಹಾಕಿತು. ತಮ್ಮನಿಗೆ ಇದನ್ನು ಆಮೇಲೆ ಟ್ರಾಕ್ಟರಿನವನೇ ಹೇಳಿದ. ಬಾಡಿಗೆ ಬೇಡವೆಂದನಂತೆ.

ಸೇಡಮ್ಮಿನಲ್ಲಿ ನೋಡಿ ಕಲಬುರಗಿಗೆ ಕಳಿಸಿದರು. ನಾನು ವಾಡಿಯಿಂದ ರೈಲು ಹಿಡಿದು ಹೋಗಿ ಮುಟ್ಟುವ ಹೊತ್ತಿಗೆ ಆಪರೇಷನ್ ನಡೆದಿತ್ತು. ಕೂಸು ಗಂಡು, ಆರು ತಿಂಗಳದು, ಹೊಟ್ಟೆಯಲ್ಲೇ ತೀರಿಕೊಂಡಿತ್ತು. ರಕ್ತ ನಿಲ್ಲಲಿಲ್ಲ. ಜೀವ ಉಳಿಸಬೇಕಾದರೆ ಗರ್ಭಚೀಲ ತೆಗೆಯಬೇಕೆಂದರಂತೆ, ತಮ್ಮ ಸಹಿ ಹಾಕಿದ್ದ. ಡಾಕ್ಟರಮ್ಮ ಹೊರಗೆ ಬಂದು, ಇನ್ನೂ ಸ್ವಲ್ಪ ಮೊದಲು ಬಂದಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ ಎಂದು ಮೆಲ್ಲಗೆ ಹೇಳಿ ಹೋದರು.

ತಮ್ಮ ಗೋಡೆಗೆ ಒರಗಿ ನೆಲದಲ್ಲಿ ಕೂತಿದ್ದ. ಸೊಂಟದವರೆಗೆ ಎರೆ ಒಣಗಿ ಬಿರುಕು ಬಿಟ್ಟಿತ್ತು. ಅವ್ವ ಬೆಂಚಿನ ತುದಿಯಲ್ಲಿದ್ದಳು. ನಾನು ಹೋಗಿ ಪಕ್ಕ ಕೂತೆ. ಅವಳು ನನ್ನ ಕಡೆ ನೋಡದೆಯೇ ಮಾತಾಡಿದಳು.

"ನಿನಗ ಹೇಳಿಲ್ಲಂತ ಸಿಟ್ಟು ಅದ ನಿನಗ."

ನಾನು ಅವಳ ಸೀರೆಯ ಅಂಚಿಗೆ ಮೆತ್ತಿದ್ದ ಎರೆಯನ್ನು ಉಗುರಿನಿಂದ ಕೆರೆದೆ.

"ಹೇಳಿದ್ರ ಏನ್ ಮಾಡ್ತಿದ್ದಿ ನೀ?"

"ಟ್ಯಾಕ್ಟರ್ ತಗೋರಿ ಅಂತಿದ್ದೆ ಯವ್ವಾ."

ಅವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ತಮ್ಮ ತಲೆಯನ್ನು ಗೋಡೆಗೆ ಒಮ್ಮೆ ಜಜ್ಜಿದ, ಮತ್ತೆ ಜಜ್ಜುವ ಮೊದಲು ನಾನು ಕೈ ಅಡ್ಡ ಇಟ್ಟೆ. ಆ ಮಾತು ಆಡಬಾರದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಅದು ಖರೆಯೂ ಹೌದು, ಅರ್ಧ ಖರೆಯೂ ಹೌದು. ಪಂಚಮಿಯ ದಿನ ನಾನು ನುಂಗಿಕೊಂಡ ಮಾತನ್ನು ಅಲ್ಲಿ ಹೇಳಲಿಲ್ಲ. ಅವರಿಗೆ ಇವತ್ತಿಗೂ ಹೇಳಿಲ್ಲ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ತಮ್ಮನ ಹೆಂಡತಿ ಹನ್ನೊಂದು ದಿನದ ಮೇಲೆ ಮನೆಗೆ ಬಂದಳು. ಡಾಂಬರು ರಸ್ತೆಯಿಂದ ಮನೆಯವರೆಗೆ ಪಿಕಪ್ಪಿನಲ್ಲೇ ಹೋದಳು. ಆಗ ಮಳೆ ಬಿಟ್ಟಿತ್ತು, ದಾರಿ ಒಣಗಿತ್ತು, ಗಾಡಿ ಚೆಂದ ಓಡಿತು. ನಾನು ಅವಳ ಪಕ್ಕ ಕ್ಯಾಬಿನ್ನಿನಲ್ಲಿ ಕೂತಿದ್ದೆ. ಗಾಡಿ ಹೂತ ಜಾಗದಲ್ಲಿ ಎರೆ ಒಡೆದು ಬಾಯಿ ಬಿಟ್ಟಿತ್ತು, ಒಂದು ಫರ್ಸಿಯ ಮೂಲೆ ಕಾಣುತ್ತಿತ್ತು. ಅವಳು ಅದನ್ನು ನೋಡಿದಳೋ ಇಲ್ಲವೋ ಗೊತ್ತಿಲ್ಲ.

ಆ ವರ್ಷ ಊರಿನಲ್ಲಿ ಎರಡು ಕುಬಸಗಳಾದವು. ಒಂದಕ್ಕೂ ಅವಳಿಗೆ ಕರೆ ಬರಲಿಲ್ಲ. ಅವಳು ಕಾರಣ ಕೇಳಲಿಲ್ಲ. ನಾನು ಭಾನುವಾರ ಹೋದಾಗ ಮಾತ್ರ, "ಅಕ್ಕಾ, ನಿಮಗ ಹಿಂಗೇ ಅನಸ್ತಿತ್ತೇನ್ರಿ?" ಎಂದಳು. ಹೌದೆಂದೆ.

ಮುಂದಿನ ಯುಗಾದಿಯ ಮಾರನೆಯ ದಿನ ಕಾಕಾನ ಮಗ ಬಂದ. ಅವನ ಹೊಲ ನಮ್ಮದಕ್ಕಿಂತ ಆಚೆ. ಅವನದೂ ಹೊಲದ ಮನೆ, ಅವನು ರಸ್ತೆಗೆ ಹೋಗಬೇಕಾದರೂ ಇದೇ ಬಂಡಿದಾರಿ. ನಾನೂ ತಮ್ಮನ ಹೆಂಡತಿಯೂ ನೆರಳಿನಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆವು.

"ಅಕ್ಕಾ, ನಾನೂ ಒಂದ್ ಗಾಡಿ ತಗೋಬೇಕಂತ ಮಾಡೀನಿ. ನೀ ಎಲ್ಲಾ ಅಳತಿ ಹಾಕಿದಾಕಿ. ಯಾವ್ದು ಛಲೋ?"

ನಾನು ಮೊರ ಕೆಳಗಿಟ್ಟೆ.

"ನಿಮ್ಮ ಮನ್ಯಾಗ ಯಾರರ ಹೊಟ್ಟಿಲೆ ಅದಾರೇನು?"

ಅವನ ಮುಖದ ನಗೆ ಅಲ್ಲೇ ನಿಂತಿತು. "ಅದ್ಯಾಕ ಅಕ್ಕಾ ಈಗ?"

"ಗಾಡಿ ಕೇಳ್ಲಿಕ್ಕೆ ಬಂದೀದಿ, ಅದಕ."

ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ. ಅವನ ಕಣ್ಣು ನೆಲಕ್ಕೆ ಇಳಿಯಿತು. "ಯಾರೂ ಇಲ್ಲ" ಎಂದ.

ತಮ್ಮನ ಹೆಂಡತಿ ಮೊರದಿಂದ ತಲೆ ಎತ್ತದೆಯೇ, "ಹೇಳ್ರಿ. ನಾವೇನ್ ಹರಕೊಂಡ್ ತಿಂತೀವೇನು?" ಎಂದಳು.

"ಇಲ್ರಿ ವೈನಿ. ಖರೆ. ಯಾರೂ ಇಲ್ಲ." ಅವನ ಕಿವಿ ಕೆಂಪಗಾಗಿದ್ದವು.

"ಇಲ್ಲಂದ್ರೂ ಟ್ಯಾಕ್ಟರ್ ತಗೋ" ಎಂದೆ. "ಪಿಕಪ್ಪು ಭಾಳ ಛಲೋ ಗಾಡಿ. ಮೈಲೇಜ್ ಅದ, ಜಲ್ದಿ ಹೋಗ್ತದ, ನಾಕ್ ಪೈಸೆ ದುಡಿತದ. ನೀ ಟ್ಯಾಕ್ಟರ್ ತಗೋ. ಹಳೇದಾದ್ರೂ ಅಡ್ಡಿಲ್ಲ. ಹಿಂದಿನ ಟೈರ್ ಹೊಸಾವು ಹಾಕಸು."

ಅವನು ಚಹಾ ಕುಡಿಯದೆ ಎದ್ದು ಹೋದ. ಗಾಡಿ ಯಾವುದು ತಂದ ಎಂದು ಜೂನಿನಲ್ಲಿ ತಿಳಿಯಿತು: ಹಳೆಯ ಟ್ರಾಕ್ಟರು, ಹಿಂದೆ ಎರಡು ಹೊಸ ಟೈರು. ಅವನ ಹೆಂಡತಿಯ ಕುಬಸ ಆದದ್ದು ಹಿಟ್ಟಿನ ಗಿರಣಿಯಲ್ಲಿ ಯಾರೋ ಆಡಿದ ಮಾತಿನಿಂದ ತಿಳಿಯಿತು. ನಮ್ಮ ಮನೆಯಿಂದ ಅವ್ವನನ್ನು ಮಾತ್ರ ಕರೆದಿದ್ದರು. ಅವ್ವ ಹೋಗಲಿಲ್ಲ, ಮೊಣಕಾಲು ನೋವೆಂದಳು.

ಶ್ರಾವಣದ ಒಂದು ಭಾನುವಾರ ನಾನು ಅಲ್ಲಿದ್ದೆ. ಎರಡು ದಿನದಿಂದ ಮಳೆ ಬಿಟ್ಟಿರಲಿಲ್ಲ. ಬೆಳಗ್ಗೆ ಹತ್ತರ ಸುಮಾರಿಗೆ ಆಚೆ ಹೊಲದ ಕಡೆಯಿಂದ ಕಾಕಾನ ಮಗನ ಟ್ರಾಕ್ಟರಿನ ಸದ್ದು ಬಂತು. ತಮ್ಮನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದಳು, ನಾನು ಅವಳ ಹಿಂದೆ ನಿಂತೆ. ಟ್ರಾಲಿಯಲ್ಲಿ ಗಾದಿ ಹಾಸಿದ್ದರು. ಮೂವರು ಹೆಂಗಸರು ತಾಡಪತ್ರಿಯನ್ನು ಕೈಯೆತ್ತಿ ಹಿಡಿದುಕೊಂಡಿದ್ದರು. ನಮ್ಮ ಬಾಗಿಲಿಗೆ ಎದುರಾಗುವಾಗ ಅವರಲ್ಲೊಬ್ಬಳು ನಮ್ಮನ್ನು ಕಂಡು ತಾಡಪತ್ರಿಯ ಅಂಚನ್ನು ನಮ್ಮ ಬದಿಗೆ ಸರಕ್ಕನೆ ಕೆಳಗೆ ಎಳೆದಳು. ಒಳಗೆ ಮಲಗಿದ್ದ ಬಸುರಿಯ ಕಾಲಿನ ಬೆರಳಷ್ಟೇ ಕಂಡವು.

ತಮ್ಮನ ಹೆಂಡತಿ ಬಾಗಿಲು ಬಿಟ್ಟು ಒಳಗೆ ಸರಿದಳು, ಗೋಡೆಗೆ ಮುಖ ಮಾಡಿ ನಿಂತಳು. ಟ್ರಾಕ್ಟರು ಮುಂದೆ ಪಿಕಪ್ಪು ಹೂತಿದ್ದ ತಗ್ಗಿನ ಹತ್ತಿರ ಹೋಗಿ ಗುರುಗುಟ್ಟಿತು. ಹಿಂದಿನ ಗಾಲಿ ಜಾರಿ ಒಂದು ಬದಿಗೆ ತಿರುಗಿತು, ರಾಡಿ ಎತ್ತರಕ್ಕೆ ಹಾರಿತು. ಹೆಂಗಸರು ಕೂಗಿದರು. ಒಂದೆರಡು ಗಳಿಗೆ ಅದು ನಿಂತಲ್ಲೇ ತಿರುಗಿತು. ಆಮೇಲೆ ಹಲ್ಲು ಕಚ್ಚಿ ಹಿಡಿಯಿತು, ಮೇಲೆ ಬಂತು.

"ದಾಟಿತೇನ್ರಿ ಅಕ್ಕಾ?" ಎಂದು ಅವಳು ಒಳಗಿನಿಂದ ಕೇಳಿದಳು.

ನಾನು ಅದು ಮಳೆಯಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತು, ದಾಟಿತು ಎಂದೆ.